ಜೇಬಿಲ್ಲದ ಸಮವಸ್ತ್ರ

ನಮ್ಮೂರಿನ ನರ್ಸುಗಳನ್ನು ಎಂಥ ಗುಂಪಿನಲ್ಲೂ ಗುರುತಿಸಬಹುದಿತ್ತು. ಎಲ್ಲರೂ ಬಲಕ್ಕೆ ಸ್ವಲ್ಪ ವಾಲಿಕೊಂಡು ನಡೆಯುತ್ತಿದ್ದೆವು. ಸಮವಸ್ತ್ರದ ಜೇಬು ಇದ್ದದ್ದು ಬಲಗಡೆ, ಜೇಬಿನ ತುಂಬ ಕಲ್ಲು. ವರ್ಷಗಟ್ಟಲೆ ಹಾಗೆ ನಡೆದವರಿಗೆ ರೇಷ್ಮೆ ಸೀರೆ ಉಟ್ಟು ಮದುವೆಗೆ ಹೋದರೂ ಮೈ ಆ ಕಡೆಗೇ ಎಳೆಯುತ್ತದೆ. ಫೋಟೋ ತೆಗೆಸುವಾಗ ನಮ್ಮ ಯಜಮಾನರು ನನ್ನ ಎಡಭುಜವನ್ನು ಮೆಲ್ಲಗೆ ಒತ್ತಿ ಸರಿಮಾಡುತ್ತಿದ್ದರು. ಅವರು ಕೈ ತೆಗೆದ ಮೇಲೆ ಅದು ಮತ್ತೆ ತನ್ನ ಜಾಗಕ್ಕೇ ಏರುತ್ತಿತ್ತು.

ಕಲ್ಲು ಎಲ್ಲಿಂದ ಬರುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಒಬ್ಬರನ್ನು ಕೀಳು ಮಾಡಿ ಮಾತಾಡಿದರೆ ಆ ಮಾತು ಕೇಳಿಸಿಕೊಂಡವರ ಜೇಬಿನಲ್ಲಿ ಕಲ್ಲಾಗಿ ಬೀಳುತ್ತದೆ. ಜೇಬಿಲ್ಲದವರ ಮಡಿಲಿಗೋ ಪಂಚೆಯ ಗಂಟಿಗೋ ಬೀಳುತ್ತದೆ. ತಪ್ಪನ್ನು ತಪ್ಪು ಎಂದು ಹೇಳಿ ತಿದ್ದಿದರೆ ಏನೂ ಬೀಳುವುದಿಲ್ಲ, ಎಷ್ಟು ಗಟ್ಟಿಯಾಗಿ ಹೇಳಿದರೂ ಸರಿಯೇ. ಮನಸ್ಸಿನೊಳಗೇ ಬೈದುಕೊಂಡರೂ ಬೀಳುವುದಿಲ್ಲ. ಹಾಗೆ ಬೀಳುವಂತಿದ್ದರೆ ನಮ್ಮ ಡಾಕ್ಟರುಗಳು ಕೋಟು ಹೊತ್ತು ನಡೆಯಲಾರದೆ ಎಂದೋ ಹಾಸಿಗೆ ಹಿಡಿಯುತ್ತಿದ್ದರು. ಸುಮ್ಮನೆ ‘ಏಯ್’ ಎಂದರೆ ಚಿಟಿಕೆ ಮರಳು, ‘ನಿನಗೇನು ತಿಳಿಯುತ್ತೆ’ ಎಂದರೆ ಹುಣಸೆಬೀಜದಷ್ಟು ಹರಳು. ನಾಲ್ಕು ಜನರ ಮುಂದೆ ಹೆತ್ತವರನ್ನೂ ಸೇರಿಸಿ ಅಂದರೆ ಒಳ್ಳೇ ನಿಂಬೆಹಣ್ಣಿನ ಗಾತ್ರದ್ದೇ ಬರುತ್ತದೆ.

ಊರು ಇದಕ್ಕೆ ಹೊಂದಿಕೊಂಡೇ ಬದುಕಿದೆ. ಹೆಣ್ಣು ಕೊಡುವವರು ಗಂಡಿನ ಮನೆಯ ಹಿತ್ತಲಿಗೆ ಏನೋ ನೆಪ ಮಾಡಿಕೊಂಡು ಹೋಗಿ ಬರುತ್ತಾರೆ, ಅಲ್ಲಿ ಜಲ್ಲಿಯ ರಾಶಿ ಕಂಡರೆ ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದುಬಿಡುತ್ತಾರೆ. ಹೋಟೆಲಿನ ಸಪ್ಲೈಯರುಗಳು ಸಂಜೆ ಹಿಂಬಾಗಿಲಲ್ಲಿ ಜೇಬು ಕೊಡವಿ ಮನೆಗೆ ಹೋಗುತ್ತಾರೆ. ನಾವು ನರ್ಸುಗಳೂ ಡ್ಯೂಟಿ ಮುಗಿದ ಮೇಲೆ ಬಟ್ಟೆ ಒಗೆಯುವ ಕಟ್ಟೆಯ ಹಿಂದೆ ಸುರಿದು ಹೋಗುತ್ತಿದ್ದೆವು. ಆಸ್ಪತ್ರೆಗೆ ಹೊಸ ಕಟ್ಟಡ ಏಳುವಾಗ ಕಾಂಕ್ರೀಟಿಗೆ ಬೇಕಾದ ಜಲ್ಲಿಯನ್ನು ಹೊರಗಿನಿಂದ ತರಿಸಲೇ ಇಲ್ಲ. ಉದ್ಘಾಟನೆಯ ದಿನ ಭಾಷಣ ಮಾಡಿದವರು ಈ ಕಟ್ಟಡ ದಾದಿಯರ ಸಹನೆಯ ಮೇಲೆ ನಿಂತಿದೆ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಈ ಆಸ್ಪತ್ರೆಯಲ್ಲಿ ನನ್ನ ಜೊತೆ ಗಂಡಸರ ಸರ್ಜಿಕಲ್ ವಾರ್ಡಿನಲ್ಲಿ ಇದ್ದವಳು ಮಂಗಳಗೌರಿ. ಹೊಸದಾಗಿ ಸೇರಿದವಳಿಗೆ ಹಿರಿಯರು ಎರಡು ಪದರದ ಜೇಬು ಹೊಲಿದು ಉಡುಗೊರೆ ಕೊಡುವುದು ನಮ್ಮಲ್ಲಿ ಪದ್ಧತಿ. ಅವಳದನ್ನು ಹೊಲಿದವಳು ನಾನೇ. ಸುಮಾರಾದ ಎತ್ತರ, ಒತ್ತಿ ಬಾಚಿದ ಕೂದಲು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕಟ್ಟಿಕೊಂಡವನು ಬೇರೆಲ್ಲೋ ಸಂಸಾರ ಹೂಡಿದ್ದ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಹೈಸ್ಕೂಲಿಗೆ ಹೋಗುವ ಮಗಳು. ಈ ಕೆಲಸ ಹೋದರೆ ಮೂರು ಜನರೂ ಬೀದಿಗೆ ಬೀಳುತ್ತಾರೆ ಎಂಬುದು ಅವಳಿಗೂ ಗೊತ್ತಿತ್ತು, ಬೈಯುವವರಿಗೂ ಗೊತ್ತಿತ್ತು. ಹಾಗಾಗಿ ಅವಳ ಜೇಬು ಬೇರೆಯವರದ್ದಕ್ಕಿಂತ ಬೇಗ ತುಂಬುತ್ತಿತ್ತು.

ತುಂಬಿಸುತ್ತಿದ್ದವರಲ್ಲಿ ಮೊದಲಿಗರು ದೊಡ್ಡ ಡಾಕ್ಟರು ಪಶುಪತಿ. ಅವರ ಕೈಯ ಗುಣವನ್ನು ಸುತ್ತಲ ಹತ್ತೂರು ಹೊಗಳುತ್ತಿತ್ತು, ಬಾಯಿಯ ಗುಣವನ್ನು ನಮ್ಮ ಜೇಬುಗಳು ಹೇಳುತ್ತಿದ್ದವು. ಅವರು ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಬೈಯುವುದು ಅವರಿಗೆ ಉಸಿರಾಡಿದಷ್ಟೇ ಸಹಜವಾಗಿತ್ತು. ಬೈದು ಮುಂದಿನ ಹಾಸಿಗೆಗೆ ಹೋಗುವಷ್ಟರಲ್ಲಿ ಮರೆತೂ ಬಿಡುತ್ತಿದ್ದರು, ಏಕೆಂದರೆ ಹೊರುವ ಕೆಲಸ ಅವರದಾಗಿರಲಿಲ್ಲ.

ಹೀಗಿರುವಾಗ ಮೇಲಿನ ಕಚೇರಿಯಿಂದ ಒಂದು ಆದೇಶ ಬಂತು. ದಾದಿಯರ ಘನತೆ, ಆತ್ಮಗೌರವಗಳನ್ನು ಕೂಡಲೇ ಹೆಚ್ಚಿಸತಕ್ಕದ್ದು. ಆಸ್ಪತ್ರೆಯ ಮುಖ್ಯಸ್ಥೆ ಇಂದುಮತಿ ಮೇಡಂ ಕೆಲಸಗಳ್ಳಿಯಲ್ಲ. ಅಂದೇ ಒಂದು ಸಮಿತಿ ಮಾಡಿದರು. ಸಮಿತಿಯಲ್ಲಿ ಇದ್ದವರೆಲ್ಲ ಡಾಕ್ಟರುಗಳು. ನರ್ಸುಗಳ ಪರವಾಗಿಯೂ ಯಾರಾದರೂ ಇರಲಿ ಎಂದು ಯಾರೋ ಜ್ಞಾಪಿಸಿದಾಗ ಮಂಗಳಗೌರಿಯನ್ನು ಕರೆಸಿದರು. ಕುರ್ಚಿ ಸಾಲದಿದ್ದುದರಿಂದ ಅವಳು ನಿಂತಿದ್ದಳು.

ಸಮಿತಿ ಬಹಳ ಯೋಚಿಸಿ ರೋಗದ ಮೂಲವನ್ನು ಹುಡುಕಿತು. ಜೇಬು. ಉಬ್ಬಿದ ಜೇಬು ನೋಡಿದ ರೋಗಿಗಳು ಈಕೆ ದಿನಾ ಬೈಸಿಕೊಳ್ಳುವವಳು ಎಂದು ತಿಳಿದು ಸದರ ಮಾಡುತ್ತಾರೆ, ಕನ್ನಡಿಯಲ್ಲಿ ತನ್ನದೇ ಜೇಬು ನೋಡಿಕೊಂಡ ನರ್ಸು ಕುಗ್ಗುತ್ತಾಳೆ. ಆದ್ದರಿಂದ ಸಮವಸ್ತ್ರದ ಜೇಬನ್ನೇ ತೆಗೆದುಬಿಡುವುದು. ಜೇಬಿಲ್ಲದಿದ್ದರೆ ಕಲ್ಲೂ ಇಲ್ಲ. ಎಲ್ಲರೂ ಮೇಜು ಕುಟ್ಟಿ ಒಪ್ಪಿದರು. ಜೇಬಿಲ್ಲದಿದ್ದರೆ ಕಲ್ಲು ಎಲ್ಲಿ ಬೀಳುತ್ತದೆ ಎಂದು ಮಂಗಳಗೌರಿ ಕೇಳಿದಳಂತೆ. ಅದಕ್ಕೆ ಪಶುಪತಿ ಡಾಕ್ಟರು, ಅದನ್ನೆಲ್ಲ ಯೋಚಿಸೋದಕ್ಕೆ ತಲೆ ಇರೋರು ಇಷ್ಟು ಜನ ಕೂತಿದ್ದೀವಿ, ನೀನು ಸುಮ್ಮನೆ ನಿಂತ್ಕೋ ಎಂದರಂತೆ. ಆತ್ಮಗೌರವ ಸಮಿತಿಯ ಮೊದಲ ಸಭೆಯಿಂದ ಅವಳು ಅಡಿಕೆಯಷ್ಟು ದಪ್ಪದ ಕಲ್ಲೊಂದನ್ನು ಜೇಬಿನಲ್ಲಿಟ್ಟುಕೊಂಡು ವಾಪಸು ಬಂದಳು.

ಸಮಿತಿ ಏರ್ಪಡಿಸಿದ ಆತ್ಮಗೌರವ ಸಪ್ತಾಹ ಚೆನ್ನಾಗಿಯೇ ನಡೆಯಿತು. ಬ್ಯಾನರು ಕಟ್ಟಿದರು, ಹೂವು ಹಂಚಿದರು. ಪಕ್ಕದ ಊರಿನಿಂದ ಬಂದ ತರಬೇತುದಾರರು ಯಾರು ಏನೇ ಅಂದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ದೀರ್ಘವಾಗಿ ಉಸಿರಾಡಿ ಎಂದು ಕಲಿಸಿದರು. ಮುಖ್ಯ ಅತಿಥಿಗಳು ತಡವಾಗಿ ಬರುತ್ತಾರೆಂದು ನಮ್ಮನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ್ದರು, ನಾವು ಅಲ್ಲೇ ದೀರ್ಘವಾಗಿ ಉಸಿರಾಡಿದೆವು. ಕೊನೆಗೆ ಒಬ್ಬೊಬ್ಬರಿಗೂ ಹೊಸ ಸಮವಸ್ತ್ರ ಕೊಟ್ಟರು, ಮಡಿಲು ಮಾಡಿಕೊಳ್ಳಲು ಸೆರಗೂ ಇಲ್ಲದ ನೇರ ಅಂಗಿ. ಜೇಬಿರಲಿಲ್ಲ. ಪೆನ್ನು, ಕತ್ತರಿ ಇಟ್ಟುಕೊಳ್ಳಲು ಕೊರಳಿಗೊಂದು ದಾರ ಕೊಟ್ಟಿದ್ದರು.

ಮಾರನೆಯ ಬೆಳಿಗ್ಗೆ ಪಶುಪತಿ ಡಾಕ್ಟರು ರೌಂಡ್ಸಿಗೆ ಬಂದರು. ಹೊಸ ಬಟ್ಟೆ ನೋಡಿ ಚೆನ್ನಾಗಿದೆ ಎಂದರು. ಮೂಲೆಯ ಹಾಸಿಗೆಯಲ್ಲಿ ಒಬ್ಬರಿಗೆ ಅವರೇ ಹಿಂದಿನ ದಿನ ಹಾಕಿದ್ದ ಡ್ರೆಸ್ಸಿಂಗ್ ಸಡಿಲವಾಗಿತ್ತು. ಇದನ್ನು ಕಟ್ಟಿದ ಕತ್ತೆ ಯಾರು ಎಂದು ಮಂಗಳಗೌರಿಯ ಕಡೆ ತಿರುಗಿ, ಕಟ್ಟಿದ್ದು ತಾವೇ ಎಂಬುದನ್ನು ಮರೆತು ಶುರು ಮಾಡಿದರು. ಆಗ ಟಣ್ ಎಂದು ಸದ್ದಾಯಿತು. ಕಲ್ಲು ನೆಲಕ್ಕೆ ಬಿದ್ದು ಒಂದು ಸಲ ಪುಟಿದು ಅವರ ಬೂಟಿನ ಪಕ್ಕ ಹೋಗಿ ನಿಂತಿತು.

ಇಷ್ಟು ವರ್ಷ ಆ ಸದ್ದನ್ನು ಯಾರೂ ಕೇಳಿರಲಿಲ್ಲ. ಬಟ್ಟೆಯೊಳಗೆ ಬಿದ್ದ ಕಲ್ಲಿಗೆ ಸದ್ದಿರುವುದಿಲ್ಲ. ಹಾಸಿಗೆಗಳಲ್ಲಿದ್ದವರೆಲ್ಲ ಮೊಣಕೈ ಊರಿ ಎದ್ದು ನೆಲ ನೋಡಿದರು, ಆಮೇಲೆ ಡಾಕ್ಟರ ಮುಖ ನೋಡಿದರು. ಡಾಕ್ಟರೂ ಕೆಳಗೆ ನೋಡಿದರು. ತಮ್ಮ ಬಾಯಿಂದ ಬಂದದ್ದನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲಿರಬೇಕು. ಸಿಟ್ಟು ಬಂತು, ಇನ್ನೆರಡು ಮಾತು ಅಂದರು. ಟಣ್ ಟಣ್ ಎಂದು ಇನ್ನೆರಡು ಬಿದ್ದವು.

ಆ ವಾರವಿಡೀ ಆಸ್ಪತ್ರೆಯಲ್ಲಿ ಆಲಿಕಲ್ಲು ಬಿದ್ದ ಹಾಗಿತ್ತು. ನೋಡಲು ಬಂದ ನೆಂಟರು ಹೊತ್ತು ಮೀರಿದರೂ ಏಳುತ್ತಿರಲಿಲ್ಲ, ರೌಂಡ್ಸ್ ಮುಗಿಸಿಕೊಂಡೇ ಹೋಗೋಣ ಎನ್ನುತ್ತಿದ್ದರು. ಸ್ಟ್ರೆಚರಿನ ಗಾಲಿಗಳು ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ನಮ್ಮ ವಾರ್ಡಿನ ಆಯಾ ಕೆಂಚಮ್ಮ ಪೊರಕೆ, ಮೊರ ಹಿಡಿದು ಡಾಕ್ಟರುಗಳ ಹಿಂದೆಯೇ ಗುಡಿಸುತ್ತ ಹೋಗಬೇಕಾಯಿತು. ಒಬ್ಬ ಡಾಕ್ಟರು ಇಂಗ್ಲಿಷಿನಲ್ಲಿ ಬೈದು ನೋಡಿದರು. ಕಲ್ಲಿಗೆ ಇಂಗ್ಲಿಷೂ ಬರುತ್ತಿತ್ತು.

ಕೆಂಚಮ್ಮ ಒಬ್ಬಳೇ ಎಷ್ಟು ಕಡೆ ಗುಡಿಸಿಯಾಳು. ಪಶುಪತಿ ಡಾಕ್ಟರು ಒಂದು ದಿನ ಮಂಗಳಗೌರಿಗೆ ಕೊನೆಯ ಮಾತೊಂದನ್ನು ಎಸೆದು ಗತ್ತಿನಿಂದ ತಿರುಗಿದರು, ತಿರುಗಿದ ಕಾಲು ಸರಿಯಾಗಿ ಆ ಮಾತಿನ ಮೇಲೇ ಬಿತ್ತು. ದೊಡ್ಡ ಆಳು, ದೊಡ್ಡದಾಗಿಯೇ ಬಿದ್ದರು. ಕಣಕಾಲಿನ ಮೂಳೆ ಮುರಿಯಿತು. ಪ್ಲಾಸ್ಟರು ಹಾಕಿ ಅವರನ್ನು ಅವರದೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿಸಿದರು. ಮಾತ್ರೆ ಕೊಡುವವಳು, ಬೆನ್ನು ಒರೆಸುವವಳು, ಬೆಡ್‌ಪ್ಯಾನಿಗೆ ವ್ಯವಸ್ಥೆ ಮಾಡುವವಳು ಎಲ್ಲ ಮಂಗಳಗೌರಿಯೇ. ಉಳಿದ ರೋಗಿಗಳಿಗೆ ಹೇಗೆ ಮಾಡುತ್ತಿದ್ದಳೋ ಅವರಿಗೂ ಹಾಗೆಯೇ ಮಾಡಿದಳು. ಸ್ವಲ್ಪ ಕಡಿಮೆ ಮಾಡಿದ್ದರೆ ನನಗೆ ಸಂತೋಷವಾಗುತ್ತಿತ್ತು.

ಡಾಕ್ಟರು ಬಿದ್ದ ಮೇಲೆ ಇಂದುಮತಿ ಮೇಡಂ ತಡಮಾಡಲಿಲ್ಲ. ಸಪ್ತಾಹದ ಗುರಿ ಈಡೇರಿದೆ, ದಾದಿಯರ ಆತ್ಮಗೌರವ ಸಾಕಷ್ಟು ಹೆಚ್ಚಿದೆ, ಇನ್ನು ಮುಂದೆ ಎಲ್ಲರ ಸುರಕ್ಷತೆಯ ದೃಷ್ಟಿಯಿಂದ ಎಂದಿನಂತೆ ಜೇಬು ಇರತಕ್ಕದ್ದು ಎಂದರು. ನಾವೆಲ್ಲ ಜೇಬು ಹೊಲಿಸಿಕೊಂಡೆವು. ನಿಜ ಹೇಳಬೇಕೆಂದರೆ ಹಲವರಿಗೆ ನೆಮ್ಮದಿಯೇ ಆಯಿತು. ಬೈಸಿಕೊಂಡದ್ದು ಊರಿಗೆಲ್ಲ ಕೇಳಿಸುವುದಕ್ಕಿಂತ ನಮ್ಮ ಜೇಬಿನಲ್ಲಿ ನಾವೇ ಇಟ್ಟುಕೊಂಡರೆ ಮರ್ಯಾದೆ ಎಂದು ನಮಗೆ ಅನ್ನಿಸುತ್ತಿತ್ತು. ಪೆನ್ನಿಗೂ ಒಂದು ಜಾಗ ಬೇಕಲ್ಲ.

ಮಂಗಳಗೌರಿ ಮಾತ್ರ ಹೊಲಿಸಿಕೊಳ್ಳಲಿಲ್ಲ. ಒಂದು ದಿನ ಮರೆತಿರಬೇಕು ಎಂದುಕೊಂಡೆವು. ಎರಡನೆಯ ದಿನವೂ ಹಾಗೆಯೇ ಬಂದಳು. ಮೇಡಂ ಅವಳನ್ನು ಕರೆಸಿ, ಸೋಮವಾರ ಜೇಬು ಇದ್ದರೆ ಬಾ, ಇಲ್ಲದಿದ್ದರೆ ಬರುವುದೇ ಬೇಡ ಎಂದು ಹೇಳಿ ಕಳಿಸಿದರು. ನಾನು ಭಾನುವಾರ ಅವಳ ಮನೆಗೆ ಹೋದೆ. ಸೂಜಿ ದಾರ, ಬಿಳಿ ಬಟ್ಟೆ ತೆಗೆದುಕೊಂಡೇ ಹೋಗಿದ್ದೆ. ಅವಳು ತಾಯಿಗೆ ಗಂಜಿ ಕುಡಿಸುತ್ತಿದ್ದಳು, ಮಗಳು ಬಾಗಿಲಲ್ಲಿ ಕೂತು ಓದುತ್ತಿತ್ತು. ಇವರಿಬ್ಬರ ಮುಖ ನೋಡಿಯಾದರೂ ಹಟ ಬಿಡು ಎಂದೆ. ಅವಳು ಗಂಜಿಯ ಬಟ್ಟಲು ಕೆಳಗಿಟ್ಟಳು.

“ಅಕ್ಕ, ಜೇಬಿದ್ದಾಗ ಆ ಭಾರ ನಂಗೊಬ್ಬಳಿಗೇ ಗೊತ್ತಾಗ್ತಿತ್ತು. ನಾನೇ ಏನೋ ತಪ್ಪು ಮಾಡಿರ್ಬೇಕು ಅನ್ನಿಸ್ತಿತ್ತು. ಈಗ ಬಿದ್ದಿದ್ದು ಅಂದೋರಿಗೂ ಕೇಳ್ಸುತ್ತೆ. ಒಂದು ವಾರ ನಾನು ನೆಟ್ಟಗೆ ನಡೆದಿದೀನಿ ಅಕ್ಕ. ಮತ್ತೆ ವಾಲ್ಕೊಂಡು ನಡಿಯೋಕೆ ನನ್ನ ಕೈಲಿ ಆಗಲ್ಲ.”

ಹೆದರಿಕೆ ಆಗಲ್ವೇನೇ ಎಂದು ಕೇಳಿದೆ. ಆಗುತ್ತೆ ಎಂದು ಮತ್ತೆ ಬಟ್ಟಲು ಎತ್ತಿಕೊಂಡು ತಾಯಿಗೆ ಗಂಜಿ ಕುಡಿಸತೊಡಗಿದಳು. ಸೂಜಿ ದಾರ ಹಾಗೇ ವಾಪಸು ತಂದೆ. ದಾರಿಯುದ್ದಕ್ಕೂ ಅವಳ ಮೇಲೆ ಸಿಟ್ಟು ಬರುತ್ತಿತ್ತು.

ಸೋಮವಾರ ಅವಳು ಜೇಬಿಲ್ಲದೆಯೇ ಬಂದಳು. ಮುಖ ಬಿಳಚಿಕೊಂಡಿತ್ತು, ಸಮವಸ್ತ್ರ ಮಾತ್ರ ಗರಿಗರಿಯಾಗಿತ್ತು. ಮೇಡಂ ಇಂಥವರಿಗೆ ಎಲ್ಲರೆದುರೇ ಬುದ್ಧಿ ಹೇಳಬೇಕು ಎಂದುಕೊಂಡು ವಾರ್ಡಿಗೇ ಬಂದರು. ಎತ್ತರದ ಹಿಮ್ಮಡಿಯ ಚಪ್ಪಲಿ, ಕೈಯಲ್ಲಿ ಕನ್ನಡಕ. ಮಂಗಳಗೌರಿ ಪಶುಪತಿ ಡಾಕ್ಟರ ಹಾಸಿಗೆಯ ಹತ್ತಿರ ಬಿಸಿನೀರಿನ ಬೇಸಿನ್ನು ಹಿಡಿದು ನಿಂತಿದ್ದಳು. ಬೇಸಿನ್ನು ಕೆಳಗಿಡಲೂ ಬಿಡದೆ ಮೇಡಂ ಆರಂಭಿಸಿದರು. ನಿನ್ನಂಥವಳಿಗೆ ಕೆಲಸ ಕೊಟ್ಟದ್ದೇ ತಪ್ಪು ಎಂದರು. ಗಂಡ ಬಿಟ್ಟು ಹೋದದ್ದು ಯಾಕೆ ಎಂದು ಈಗ ಗೊತ್ತಾಯಿತು ಎಂದರು. ನಾಳೆ ನಿನ್ನ ಮಗಳೂ ಬೀದಿಯಲ್ಲಿ ನಿಂತಾಗ ಈ ಸೊಕ್ಕು ಎಲ್ಲಿರುತ್ತೆ ನೋಡೋಣ ಎಂದರು. ಒಂದೊಂದು ಮಾತಿಗೂ ಕಲ್ಲು ಬೀಳುತ್ತಿತ್ತು, ಬೀಳುತ್ತಲೇ ಇತ್ತು. ಮಂಗಳಗೌರಿ ಅಳಲಿಲ್ಲ. ಹಿಡಿದ ಬೇಸಿನ್ನನ್ನು ಕೆಳಗೂ ಇಡಲಿಲ್ಲ.

ಹೇಳುವುದೆಲ್ಲ ಹೇಳಿದ ಮೇಲೆ ಮೇಡಂ ಹೊರಡಲು ನೋಡಿದರು. ಕಾಲಿಡಲು ಜಾಗವಿರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಕಲ್ಲು, ನಿಂಬೆಗಾತ್ರದವು, ಮೂಸಂಬಿಗಾತ್ರದವು ಕೂಡ. ಒಂದು ಕಾಲು ಎತ್ತಿದರು, ಮತ್ತೆ ಅಲ್ಲೇ ಇಟ್ಟರು. ಕೈ ಚಾಚಿದರೆ ಹಿಡಿಯಲು ಸಿಗುತ್ತಿದ್ದದ್ದು ಮಂಗಳಗೌರಿಯ ಭುಜ ಒಂದೇ. ಹಾಸಿಗೆಯಿಂದ ಪಶುಪತಿ ಡಾಕ್ಟರು ಮೊದಲ ಬಾರಿಗೆ ಮೆತ್ತಗಿನ ದನಿಯಲ್ಲಿ ಮಾತಾಡಿದರು.

“ನಿಧಾನ ಮೇಡಂ. ನಾನು ಬಿದ್ದಿದ್ದೂ ಅಲ್ಲೇ.”

ಇಡೀ ವಾರ್ಡು ನಗು ತಡೆದುಕೊಂಡಿತು. ಕೆಂಚಮ್ಮ ಪೊರಕೆ ತಂದು ಬಾಗಿಲವರೆಗೆ ಒಂದು ದಾರಿ ಮಾಡಿಕೊಡುವವರೆಗೂ ಆಸ್ಪತ್ರೆಯ ಮುಖ್ಯಸ್ಥೆ ತಮ್ಮದೇ ಮಾತುಗಳ ನಡುವೆ ಗೊಂಬೆಯಂತೆ ನಿಂತಿರಬೇಕಾಯಿತು. ಅಷ್ಟು ಹೊತ್ತು ಅವರ ಎದುರಿಗೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಮಂಗಳಗೌರಿಯೂ ನಿಂತಿದ್ದಳು. ಅಷ್ಟು ಹೊತ್ತು ಒಬ್ಬ ನರ್ಸಿನ ಮುಖವನ್ನು ಅವರು ಹಿಂದೆಂದೂ ನೋಡಿರಲಾರರು. ಹೋಗುವಾಗ, ಸರಿ, ನೀನು ನಿನ್ನ ಕೆಲಸ ನೋಡು ಎಂದಷ್ಟೇ ಹೇಳಿದರು. ಅದಕ್ಕೆ ಕಲ್ಲು ಬೀಳಲಿಲ್ಲ.

ಮಧ್ಯಾಹ್ನ ಹೊಸ ಆದೇಶ ಬಂತು. ಜೇಬು ಇಟ್ಟುಕೊಳ್ಳುವುದು, ಬಿಡುವುದು ಅವರವರ ಇಷ್ಟ. ಸಂಜೆ ಮನೆಗೆ ಹೋಗಿ ನಾನೇ ಮೊದಲು ಜೇಬಿನ ಹೊಲಿಗೆ ಬಿಚ್ಚಿದೆ, ವಾರ ಕಳೆಯುವುದರೊಳಗೆ ಎಲ್ಲರೂ ಬಿಚ್ಚಿದ್ದರು.

ಆಮೇಲೆ ನಮ್ಮ ಆಸ್ಪತ್ರೆಯಲ್ಲಿ ಸಭ್ಯತೆ ನೆಲೆಸಿತು. ಡಾಕ್ಟರುಗಳು ಬಾಯಿ ತೆರೆಯುವ ಮುಂಚೆ ಒಮ್ಮೆ ನೆಲ ನೋಡುವುದನ್ನು ಕಲಿತರು. ಪಶುಪತಿ ಡಾಕ್ಟರು ಊರುಗೋಲು ಹಿಡಿದು ರೌಂಡ್ಸಿಗೆ ಬರುತ್ತ, ಬೇವಿನ ಎಲೆ ಅಗಿಯುವವರ ಮುಖ ಮಾಡಿಕೊಂಡು, ‘ದಯವಿಟ್ಟು’ ಎನ್ನತೊಡಗಿದರು. ಅದು ಹೃದಯದಿಂದ ಬಂದದ್ದಲ್ಲ, ಕಣಕಾಲಿನಿಂದ ಬಂದದ್ದು ಎಂದು ಕೆಲವರು ಹಂಗಿಸಿದರು. ಗೌರವ ಯಾವ ಅಂಗದಿಂದ ಬಂದರೆ ನಮಗೇನು, ನಮ್ಮ ಭುಜಗಳು ಸಮನಾದವು. ಮಂಗಳಗೌರಿಗೆ ವಾರ್ಡಿನ ಇನ್‌ಚಾರ್ಜ್ ಹುದ್ದೆಯೂ ಸಿಕ್ಕಿತು. ಅವಳು ವಾರ್ಡಿನೊಳಗೆ ನಡೆದು ಬಂದರೆ ನೋಡಲು ಚೆಂದವಿತ್ತು. ಬೇರೆ ಊರುಗಳಿಂದ ಜನ ಬಂದು ನಮ್ಮ ನರ್ಸುಗಳ ಆತ್ಮಗೌರವವನ್ನು ನೋಡಿಕೊಂಡು ಹೋದರು. ಇಂದುಮತಿ ಮೇಡಂ ಅವರಿಗೆಲ್ಲ ಸಮಿತಿಯ ದೂರದೃಷ್ಟಿಯನ್ನು ವಿವರಿಸಿದರು.

ಹೀಗೆ ಕೆಲವು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ವಾರ್ಡು ತುಂಬಿತ್ತು, ಆಪರೇಷನ್ನಿಗೆ ಹೋಗುವವರು, ಬಂದವರು, ಎಲ್ಲರಿಗೂ ಅವಸರ. ಮಂಗಳಗೌರಿ ಔಷಧಿ ಟ್ರೇ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದಳು. ಒಬ್ಬ ರೋಗಿಗೆ ಬೆಡ್‌ಪ್ಯಾನು ತರಲು ಹೋದ ಕೆಂಚಮ್ಮ ತಡಮಾಡಿ ಬಂದಳು. ಕೆಂಚಮ್ಮನಿಗೆ ವಯಸ್ಸಾಗಿದೆ, ಮಂಡಿ ನೋವು. ನಲ್ಲಿಯ ಹತ್ತಿರ ಸಾಲು ಇತ್ತಂತೆ. ಮಂಗಳಗೌರಿ ತಿರುಗಿ ಕೂಡ ನೋಡದೆ, ಸಿಡುಕಿನಿಂದ ಅಂದಳು.

“ಎಷ್ಟು ಸಲ ಬಡ್ಕೋಬೇಕು ನಿಂಗೆ. ತಲೇಲಿ ಏನು ತುಂಬ್ಕೊಂಡಿದೀಯೋ ಏನೋ. ಪೊರಕೆ ಹಿಡಿಯೋಕೇ ಲಾಯಕ್ಕು ನೀನು.”

ಟಣ್ ಎಂದು ಸದ್ದಾಯಿತು.

ಎಷ್ಟೋ ದಿನಗಳಿಂದ ಆ ಸದ್ದು ಕೇಳಿರಲಿಲ್ಲ. ಮಂಗಳಗೌರಿಯ ಮುಖ ಬಿಗಿಯಿತು. ಟ್ರೇ ಹಿಡಿದುಕೊಂಡೇ, ಯಾವ ಡಾಕ್ಟರು ಎಂದು ಬಾಗಿಲ ಕಡೆ ತಿರುಗಿ ನೋಡಿದಳು. ವಾರ್ಡಿನಲ್ಲಿ ಡಾಕ್ಟರು ಯಾರೂ ಇರಲಿಲ್ಲ.

ಕೆಂಚಮ್ಮ ಹಾಸಿಗೆಯ ಪಕ್ಕ ನಿಂತಿದ್ದಳು. ದಿನವೂ ಸೊಂಟಕ್ಕೆ ಸಿಕ್ಕಿಸಿ ಮಡಿಲು ಮಾಡಿಕೊಳ್ಳುತ್ತಿದ್ದ ಸೆರಗನ್ನು ಅಂದು ಇಳಿಬಿಟ್ಟಿದ್ದಳು. ಇಷ್ಟು ವರ್ಷ ನಮ್ಮ ಮಾತುಗಳೆಲ್ಲ ಸದ್ದಿಲ್ಲದೆ ಆ ಮಡಿಲಿಗೆ ಬೀಳುತ್ತಿದ್ದವು ಎಂಬುದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಅವಳು ಬಲಕ್ಕೂ ವಾಲುತ್ತಿರಲಿಲ್ಲ, ಎಡಕ್ಕೂ ವಾಲುತ್ತಿರಲಿಲ್ಲ, ಮುಂದಕ್ಕೆ ಬಾಗಿ ನಡೆಯುತ್ತಿದ್ದಳು. ಅದನ್ನು ನಾವು ವಯಸ್ಸು ಎಂದುಕೊಂಡಿದ್ದೆವು.

ಬಿದ್ದದ್ದನ್ನು ಗುಡಿಸಬೇಕಾದವಳೂ ಕೆಂಚಮ್ಮನೇ ಆದ್ದರಿಂದ ಅಭ್ಯಾಸದಂತೆ ಮೂಲೆಯ ಪೊರಕೆಯ ಕಡೆ ಹೊರಟಳು. ಮಂಗಳಗೌರಿ ಅವಳ ಕೈ ಹಿಡಿದು ನಿಲ್ಲಿಸಿದಳು.

“ಬಿಡಿ ಕೆಂಚಮ್ಮ. ನಾನೇ ತಗೋತೀನಿ.”

ಟ್ರೇಯನ್ನು ನನ್ನ ಕೈಗೆ ಕೊಟ್ಟು, ಎಲ್ಲರೂ ನೋಡುತ್ತಿರುವಂತೆಯೇ ಬಗ್ಗಿ ಕಲ್ಲನ್ನು ಎತ್ತಿಕೊಂಡಳು. ನಿಂಬೆಗಾತ್ರದ್ದು. ಎಲ್ಲಿಡಬೇಕೆಂದು ತೋಚದೆ ಅವಳ ಕೈ ಬಲಗಡೆ ಸೊಂಟದ ಹತ್ತಿರ ಹೋಗಿ ತಡಕಾಡಿತು. ಅಲ್ಲಿ ಜೇಬಿರಲಿಲ್ಲ. ಎಡಗೈಯಲ್ಲಿ ಅದನ್ನು ಮುಚ್ಚಿ ಹಿಡಿದುಕೊಂಡು, ಬಲಗೈಯಿಂದ ಮುಂದಿನ ಹಾಸಿಗೆಯವರಿಗೆ ಮಾತ್ರೆ ಕೊಟ್ಟಳು. ಡ್ಯೂಟಿ ಮುಗಿಯುವವರೆಗೂ ಆ ಮುಷ್ಟಿ ಬಿಚ್ಚಲಿಲ್ಲ.